ಎಲ್ಲಿದ್ದರೂ ಸಾಮಾನು ಕೊಠಡಿಯ ಬಳಿ ಬರಬೇಕು

ನಮ್ಮ ಮನೆಯ ಮಗುವಿನ ಹೆಸರನ್ನು ನಾನು ನಿಮಗೆ ಹೇಳುವುದಿಲ್ಲ. ಇದನ್ನು ಮೊದಲೇ ತಿಳಿಸಿಬಿಡುತ್ತೇನೆ, ಆಮೇಲೆ ಮುನಿಸಿಕೊಳ್ಳಬೇಡಿ. ಮಗುವಿನ ಹೆಸರು ಎಂದರೆ ಸಾಕು, ಜನಕ್ಕೆ ಎಲ್ಲಿಲ್ಲದ ಅಧಿಕಾರ ಬಂದುಬಿಡುತ್ತದೆ. ಸೊಪ್ಪು ಮಾರುವವರು, ಮೇಲಿನ ಮನೆಯವರು, ನಲ್ಲಿ ರಿಪೇರಿಗೆ ಬಂದವರು, ಎಲ್ಲರೂ ತಲೆಯನ್ನು ಸ್ವಲ್ಪ ವಾರೆ ಮಾಡಿ, "ಹೂಂ... ಪರವಾಗಿಲ್ಲ" ಎನ್ನುತ್ತಾರೆ. ಆ ಪರವಾಗಿಲ್ಲವನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹೆಸರು ಹೇಗೆ ಸಿಕ್ಕಿತು ಎಂಬುದನ್ನು ಮಾತ್ರ ಹೇಳುತ್ತೇನೆ. ಅಷ್ಟಕ್ಕೆ ತೃಪ್ತಿಪಡಿ.

ನಾನು ಮಗುವಿನ ಸೋದರತ್ತೆ. ಬಸ್ ನಿಲ್ದಾಣದ ಸಾಮಾನು ಕೊಠಡಿ ನನ್ನ ಸಾಮ್ರಾಜ್ಯ. ಜನ ಪೆಟ್ಟಿಗೆ, ಗಂಟುಮೂಟೆ ನನ್ನ ಬಳಿ ಇಟ್ಟು ಚೀಟಿ ತೆಗೆದುಕೊಂಡು ಹೋಗುತ್ತಾರೆ. ವಾಪಸ್ ಬಂದಾಗ ಚೀಟಿ ಕಳೆದುಕೊಂಡದ್ದು ನನ್ನದೇ ತಪ್ಪು ಎಂಬಂತೆ ರೇಗುತ್ತಾರೆ. ನನ್ನ ಕೊಠಡಿಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಗಾಜಿನ ಗೂಡು ಇದೆ. ಅದರೊಳಗೆ ಮೈಕಿನ ಮುಂದೆ ನಮ್ಮಪ್ಪ ಕೂತಿರುತ್ತಾರೆ. ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದುಹೋಗಿದೆ, ಯಾರು ಎಲ್ಲಿದ್ದರೂ ಎಲ್ಲಿಗೆ ಬರಬೇಕು, ಇದೆಲ್ಲ ಅಪ್ಪನ ಬಾಯಿಂದಲೇ ಹೊರಡಬೇಕು. ಪ್ರತಿಯೊಂದನ್ನೂ ಮೂರು ಭಾಷೆಯಲ್ಲಿ ಹೇಳುತ್ತಾರೆ. ಮೊದಲು ನಮ್ಮದು, ಆಮೇಲೆ ಗಡಿಯಾಚೆಯವರದು, ಕೊನೆಗೆ ಎಲ್ಲರಿಗೂ ಅಷ್ಟಿಷ್ಟು ಬರುವ, ಯಾರ ಮನೆಯದೂ ಅಲ್ಲದ ಮೂರನೆಯದು.

ಆಚೆಯವರ ಭಾಷೆ ಅಪ್ಪನಿಗೆ ಬರುವುದು ಬಸ್ಸಿನ ಮಟ್ಟಿಗೆ ಮಾತ್ರ. "ಹೊರಡಲು ಸಿದ್ಧವಾಗಿದೆ" ಎನ್ನಲು ಬರುತ್ತದೆ, "ಊಟ ಆಯ್ತಾ" ಎನ್ನಲು ಬರುವುದಿಲ್ಲ. ಇದು ನಮಗೆ ತಿಳಿದದ್ದು ಅಣ್ಣ ಆಚೆಯ ಹುಡುಗಿಯನ್ನು ಮದುವೆಯಾದ ಮೇಲೆ. ಅತ್ತಿಗೆಯ ಅಮ್ಮ, ಅಂದರೆ ನಮ್ಮ ಬೀಗಿತ್ತಿ, ಬಾಣಂತನಕ್ಕೆಂದು ಮನೆಗೆ ಬಂದ ದಿನ ಅಪ್ಪ ಬಾಗಿಲಲ್ಲಿ ನೆಟ್ಟಗೆ ನಿಂತು, ಅವರದೇ ಭಾಷೆಯಲ್ಲಿ ಗಂಭೀರವಾಗಿ, "ಪ್ರಯಾಣಿಕರು ದಯವಿಟ್ಟು ತಮ್ಮ ಸ್ಥಳಗಳಲ್ಲಿ ಕುಳಿತುಕೊಳ್ಳಬೇಕು" ಎಂದರು. ಬೀಗಿತ್ತಿ ಕೈಚೀಲವನ್ನು ಎದೆಗೆ ಅವುಚಿಕೊಂಡು ಒಳಗೆ ಬಂದು ಕೂತರು.

ಅಣ್ಣ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ಅತ್ತಿಗೆ ಅವನ ಬಳಿ ಕಾರು ಕಲಿಯಲು ಬಂದವರು. ಕಾರು ಅವರಿಗೆ ಇನ್ನೂ ಬರುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವರ ಕೆಲಸ. ನಮ್ಮ ಭಾಷೆಯನ್ನು ಒಂದೇ ವರ್ಷದಲ್ಲಿ ಕಲಿತರು. ಈಗ ಅಮ್ಮನ ಜೊತೆ ಜಗಳವನ್ನೂ ಅದರಲ್ಲೇ ಆಡುತ್ತಾರೆ, ಚೆನ್ನಾಗಿಯೇ ಆಡುತ್ತಾರೆ.

ಅತ್ತಿಗೆಯ ಹೆಸರು ಉದ್ದ. ಅದರ ಕೊನೆಯಲ್ಲಿ ನಾಲಗೆ ಅಂಗುಳಿಗೆ ಹೋಗಿ ಒಂದು ಕ್ಷಣ ಅಲ್ಲೇ ತಂಗಿ, ಆಮೇಲೆ ನಿಧಾನವಾಗಿ ಕೆಳಗಿಳಿಯಬೇಕು. ಮದುವೆಯಾದ ವಾರ ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿಯ ತುದಿ ಮುರಿಯುತ್ತ ಕೂತಿದ್ದಳು. ಹೊಸ ಸೊಸೆಯನ್ನು ಕರೆಯಲು ಹೋಗಿ ಅರ್ಧದಲ್ಲೇ ಎಡವಿದಳು. ಇನ್ನೊಮ್ಮೆ ಎಡವಿದಳು. "ಉದ್ದ ಆಯ್ತಮ್ಮ ಇದು" ಎಂದು ಹೇಳಿ, ಹುರುಳಿಕಾಯಿ ಮುರಿದಷ್ಟೇ ಸಲೀಸಾಗಿ ಆ ಹೆಸರನ್ನೂ ಮುರಿದಳು. ಮೊದಲೆರಡು ಅಕ್ಷರ ಉಳಿಯಿತು, ಬಾಕಿಯದು ಸಿಪ್ಪೆಯ ಜೊತೆ ಹೋಯಿತು. ಅಪ್ಪ ಅದನ್ನೇ ಹಿಡಿದುಕೊಂಡರು. ಕಾರು ಕಲಿಸುವಾಗ ಪೂರ್ತಿ ಹೆಸರು ಹಿಡಿದು "ಬ್ರೇಕ್, ಬ್ರೇಕ್" ಎಂದು ಕೂಗುತ್ತಿದ್ದ ಅಣ್ಣನೂ ಮದುವೆಯಾದ ಮೇಲೆ ತುಂಡಿಗೆ ಇಳಿದ. ನಾನು "ಅತ್ತಿಗೆ" ಎನ್ನುವವಳು, ಬಚಾವಾದೆ. ಅತ್ತಿಗೆ ಆಗ ಸುಮ್ಮನೆ ನಕ್ಕರು. ಹೊಸ ಸೊಸೆಯ ನಗುವಿಗೆ ನೂರು ಅರ್ಥ ಇರುತ್ತದೆ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ "ಒಪ್ಪಿಗೆ" ಎಂಬ ಒಂದೇ ಅರ್ಥ ಗೊತ್ತಿತ್ತು.

ಹೆಣ್ಣುಮಗು ಹುಟ್ಟಿತು. ಕೂದಲು ದಟ್ಟ, ಗಂಟಲು ನಮ್ಮಪ್ಪನದು. ತಿಂಗಳುಗಳು ಉರುಳಿದರೂ ಹೆಸರಿಲ್ಲ. ಅಮ್ಮ "ಬಂಗಾರಿ" ಎನ್ನುತ್ತಿದ್ದಳು. ಅಪ್ಪ ಬಹುವಚನದಲ್ಲಿ "ಪ್ರಯಾಣಿಕರು ಎದ್ದಿದ್ದಾರೆ", "ಪ್ರಯಾಣಿಕರು ಬಟ್ಟೆ ಒದ್ದೆ ಮಾಡಿಕೊಂಡಿದ್ದಾರೆ" ಎಂದು ಪ್ರಕಟಿಸುತ್ತಿದ್ದರು. ನಾನು "ಲಗೇಜು" ಎನ್ನುತ್ತಿದ್ದೆ. ಬೀಗಿತ್ತಿ ನಾಲಗೆಯಲ್ಲಿ ಲೊಚಗುಟ್ಟಿ ಕರೆಯುತ್ತಿದ್ದರು. ಮಗು ಎಲ್ಲದಕ್ಕೂ ತಿರುಗುತ್ತಿತ್ತು, ಫ್ಯಾನಿನ ಸದ್ದಿಗೂ ತಿರುಗುತ್ತಿತ್ತು.

ಹೀಗೇ ನಡೆಯುತ್ತಿತ್ತೇನೋ. ಆದರೆ ಅತ್ತಿಗೆಯ ರಜೆ ಮುಗಿಯುತ್ತ ಬಂತು. ಮುಂದಿನ ಸೋಮವಾರ ಅವರು ಕೆಲಸಕ್ಕೆ ಹೋಗಬೇಕು. ಅಮ್ಮನಿಗೆ ಮಂಡಿ ನೋವು, ಬೀಗಿತ್ತಿ ಊರಿಗೆ ಹೊರಡುವವರು, ಹಾಗಾಗಿ ಮಗುವನ್ನು ನಿಲ್ದಾಣದ ಹಿಂದಿನ ಶಿಶುವಿಹಾರಕ್ಕೆ ಬಿಡುವುದು ಎಂದಾಯಿತು. ಆ ಶಿಶುವಿಹಾರದ ಗೋಡೆಯ ಮೇಲೆ ಸಾಲಾಗಿ ಕೊಕ್ಕೆಗಳಿವೆ. ಪ್ರತಿ ಕೊಕ್ಕೆಯ ಮೇಲೆ ಒಂದು ಮಗುವಿನ ಹೆಸರು, ಕೆಳಗೆ ಅದರ ಚೀಲ, ಟೋಪಿ. ಹೆಸರಿಲ್ಲದ ಮಗುವಿಗೆ ಕೊಕ್ಕೆ ಇಲ್ಲ ಎಂದು ಅಲ್ಲಿಯ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದ್ದರು.

ಆ ಸಂಜೆ ಅತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಷರತ್ತು ಹಾಕಿದರು.

"ನೀವು ಏನು ಹೆಸರಿಟ್ರೂ ಸರಿ. ನಿಮ್ಮ ಭಾಷೇದಾದ್ರೂ ಸರಿ, ನಮ್ಮದಾದ್ರೂ ಸರಿ. ಆದ್ರೆ ಎರಡೂ ಮನೇಲಿ ಪೂರ್ತಿ ಕರೀಬೇಕು. ಯಾರೂ ಕತ್ತರಿಸಬಾರದು. ಕತ್ತರಿಸ್ತೀರಿ ಅಂತ ಗೊತ್ತಾದ್ರೆ ನಾನು ಹೆಸರೇ ಇಡಲ್ಲ."

"ಅದೇನು ಮಹಾ, ಬಿಡು" ಎಂದು ಅಮ್ಮ ಅಭಯ ಕೊಟ್ಟಳು. ಅಭಯ ಕೊಡುವಾಗ ಕೊನೆಯಲ್ಲಿ ಅತ್ತಿಗೆಯ ತುಂಡು ಹೆಸರನ್ನು ಸೇರಿಸಿದಳು. ಅತ್ತಿಗೆ ಮತ್ತೆ ಅದೇ ನಗು ನಕ್ಕರು. ನನಗೆ ಆ ನಗು ಆವತ್ತು ಅರ್ಥವಾಯಿತು. ಅವರೆಲ್ಲರಿಗೂ ಯಾಕೆ ಆಗಲಿಲ್ಲವೋ, ದೇವರೇ ಬಲ್ಲ.

ಹೆಸರು ಹುಡುಕುವುದು ಶುರುವಾಯಿತು. ಮೊದಲ ಸುತ್ತಿನಲ್ಲಿ ಅರ್ಥದ ತೊಡಕಿದ್ದವು ಹೋದವು. ಇಲ್ಲಿ ದೇವತೆಯಾದದ್ದು ಅಲ್ಲಿ ತರಕಾರಿಯಾಗಿತ್ತು, ಅಂಥ ಹೆಸರನ್ನು ಯಾರಾದರೂ ಬಿಡುತ್ತಾರೆ. ಎರಡನೆಯ ಸುತ್ತಿನಲ್ಲಿ ಅಮ್ಮ ಎದ್ದು ನಿಂತಳು. ಯಾವ ಹೆಸರು ಹೇಳಿದರೂ ಆ ಹೆಸರಿನ ಒಬ್ಬ ಹೆಂಗಸು ಅಮ್ಮನಿಗೆ ಎಂದೋ ಏನೋ ಅನ್ಯಾಯ ಮಾಡಿರುತ್ತಿದ್ದಳು.

"ಆ ಹೆಸರಾ? ಬೇಡಪ್ಪ. ಆ ಹೆಸರಿನೋಳು ನನ್ನ ಸ್ಟೀಲ್ ಡಬ್ಬಿ ತಗೊಂಡೋಗಿ ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ."

"ಅದಾ? ಅವಳಷ್ಟು ಹೊಟ್ಟೆಕಿಚ್ಚಿನವಳನ್ನ ನಾನು ಕಂಡಿಲ್ಲ."

"ಇದು ಚೆನ್ನಾಗಿದೆ. ಆದ್ರೆ ನಿಮ್ಮ ದೊಡ್ಡಪ್ಪನ ಹೆಂಡ್ತಿ ಹೆಸರದು. ನಾನು ಸತ್ತ ಮೇಲೆ ಬೇಕಾದ್ರೆ ಇಟ್ಕೊಳ್ಳಿ."

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಷ್ಟರಲ್ಲಿ ಆ ತನಕ ಮಾತಿಲ್ಲದೆ ಕೂತಿದ್ದ ಬೀಗಿತ್ತಿ ಮಗಳ ತೋಳು ತಿವಿದು ಏನೋ ಹೇಳಿದರು. ಅತ್ತಿಗೆ ಅನುವಾದ ಮಾಡಿದರು. "ಹಿಂದಿನ ಹೆಸರು ಅಮ್ಮನಿಗೂ ಬೇಡವಂತೆ. ನಮ್ಮ ಬೀದೀಲಿ ಆ ಹೆಸರಿನವರೊಬ್ರು ಇವರ ಛತ್ರಿ ತಗೊಂಡೋಗಿ ಮರೆತೇ ಬಿಟ್ರಂತೆ."

ಇಬ್ಬರು ತಾಯಂದಿರೂ ಮೊದಲ ಬಾರಿಗೆ ಪರಸ್ಪರ ಮುಖ ನೋಡಿಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಬಾರದು, ಆದರೆ ಡಬ್ಬಿ ಮತ್ತು ಛತ್ರಿಯ ದುಃಖ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆಮೇಲೆ ಅವರಿಬ್ಬರೂ ಸೇರಿಕೊಂಡು ಹೆಸರುಗಳನ್ನು ಸಾಲಾಗಿ ಕೊಂದರು. ಅತ್ತಿಗೆ ಅಂಗಡಿಯಲ್ಲಿ ಗಾಜು ಬದಲಿಸುವ ಹಾಗೆ, "ಮೊದಲನೇದು ಚೆನ್ನಾಗಿದೆಯಾ, ಇದಾ? ಈಗ? ಇದಾ, ಹಿಂದಿನದಾ?" ಎಂದು ತಾಳ್ಮೆಯಿಂದ ಕೇಳುತ್ತಿದ್ದರು. ಅಣ್ಣ ನ್ಯೂಟ್ರಲ್‌ಗೆ ಹಾಕಿಕೊಂಡು ಕೂತಿದ್ದ. ಯಾವ ಹೆಸರಿಗೂ "ಚೆನ್ನಾಗಿದೆ" ಎನ್ನುವುದು, ಯಾರಾದರೂ ಮೂಗು ಮುರಿದರೆ "ಅದೂ ನಿಜ" ಎನ್ನುವುದು. ಅವನ ಕಾಲ ಕೆಳಗೆ ಸದಾ ಒಂದು ಹೆಚ್ಚಿನ ಬ್ರೇಕ್ ಇರಬೇಕು.

ಕೊನೆಗೆ ಅಪ್ಪ ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆ ಯಾವುದೋ ಬಸ್ಸು ಹೊರಡುತ್ತದೆ ಎಂದೇ ಅರ್ಥ.

"ಹೆಸರು ಇರೋದು ಕರೆಯೋಕೆ. ಕೂತು ಚರ್ಚೆ ಮಾಡಿದ್ರೆ ಏನು ಗೊತ್ತಾಗುತ್ತೆ? ಕರೆದು ನೋಡ್ಬೇಕು" ಎಂದರು.

"ಕರೆದು ನೋಡ್ಬೇಕು" ಎಂದರೆ ಏನು ಎಂದು ನನಗೆ ಮರುದಿನ ಮಧ್ಯಾಹ್ನ ತಿಳಿಯಿತು. ಬಸ್ಸುಗಳ ಗದ್ದಲ ಕಡಿಮೆಯಾಗಿ, ಕಂಡಕ್ಟರುಗಳು ಊಟದ ಡಬ್ಬಿ ಬಿಚ್ಚುವ ಹೊತ್ತು. ಮೈಕು ಕರಕರ ಎಂದಿತು. ಹಿಂದಿನ ದಿನ ಯಾರೋ ಸೂಚಿಸಿದ್ದ, ರಾಣಿಯರಿಗೆ ಇಡುವಂಥ ಒಂದು ಭರ್ಜರಿ ಹೆಸರು ನಿಲ್ದಾಣದ ತುಂಬ ಮೂರು ಭಾಷೆಯಲ್ಲಿ ಮೊಳಗಿತು. "ಎಂಬುವವರು ಎಲ್ಲಿದ್ದರೂ ಸಾಮಾನು ಕೊಠಡಿಯ ಬಳಿ ಬರಬೇಕು."

ನನ್ನ ಬಳಿ! ಅವರ ಗೂಡಿಗೆ ಮೆಟ್ಟಿಲು ಹತ್ತುವುದು ಕಷ್ಟವಂತೆ, ಹಾಗಾಗಿ ಜನರನ್ನು ನನ್ನ ತಲೆಗೆ ಕಟ್ಟಿದರು. ನಾನು ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಹಿಡಿದ ಹಿರಿಯ ಹೆಂಗಸೊಬ್ಬರು ಏದುಸಿರು ಬಿಡುತ್ತ ಬಂದರು. "ಯಾರಮ್ಮ ಕರೆದಿದ್ದು?" ಅಪ್ಪ ದಡದಡನೆ ಇಳಿದು ಬಂದು ಕೈ ಮುಗಿದು ಕೇಳಿದರು.

"ಕ್ಷಮಿಸಿ ತಾಯಿ. ಒಂದೇ ಪ್ರಶ್ನೆ. ನಿಮ್ಮನ್ನ ಮನೇಲಿ ಏನಂತ ಕರೀತಾರೆ?"

ಆಕೆ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು. "ಚಿಕ್ಕೋಳು ಅಂತಾರೆ. ನಂಗೆ ಮೊಮ್ಮಕ್ಕಳಿದಾರೆ, ಇನ್ನೂ ಚಿಕ್ಕೋಳೇ. ಯಾಕೆ?"

"ಹಾಗಾದ್ರೆ ಈ ಹೆಸರು ಬೇಡ" ಎಂದು ಅಪ್ಪ ನನ್ನತ್ತ ತಿರುಗಿ ತೀರ್ಪು ಕೊಟ್ಟರು. ಆಕೆ ಚಾಪೆಯಿಂದ ಹೊಡೆಯದೆ ಹೋದದ್ದು ಅಪ್ಪನ ಪುಣ್ಯ.

ದಿನಾ ಇದೇ ಕಥೆ. ಉದ್ದದ ಹೆಸರು ಕತ್ತರಿಸುತ್ತಾರೆ ಎಂದು ಪುಟ್ಟ ಹೆಸರೊಂದನ್ನು ಕರೆದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಬಂದರು. "ಹೆಸರು ಚಿಕ್ಕದಾಯ್ತು ಅಂತ ಮನೇಲಿ ಹಿಂದೆ ಮುಂದೆ ಏನೇನೋ ಸೇರಿಸ್ತಾರೆ ಸಾರ್. ಅತ್ತೆಗೆ ಕೋಪ ಬಂದಾಗ ಇನ್ನೂ ಉದ್ದ ಆಗುತ್ತೆ" ಎಂದು ನಿಟ್ಟುಸಿರು ಬಿಟ್ಟರು. ಮತ್ತೊಂದು ದಿನ, ಹೂವಿನಷ್ಟು ಮೃದು ಎಂದು ನಾವೆಲ್ಲ ಮೆಚ್ಚಿದ್ದ ಹೆಸರನ್ನು ಕರೆದಾಗ, ಗಡಿಯಾಚೆಯ ಬಸ್ಸಿನ ಡ್ರೈವರ್ ಹುರಿಮೀಸೆ ತಿರುವುತ್ತ ಬಂದು ಕೌಂಟರಿಗೆ ಮೊಣಕೈ ಊರಿದರು. ಅವರ ಕಡೆ ಅದು ಗಂಡಸರ ಹೆಸರಂತೆ.

"ಹೆಸರಿಂದ ಏನಾದ್ರೂ ತೊಂದ್ರೆ ಆಗಿದೆಯಾ?" ಎಂದು ಅಪ್ಪ ಸೋಲೊಪ್ಪದೆ ಕೇಳಿದರು.

"ನಂಗೇನು ತೊಂದ್ರೆ?" ಎಂದರು ಡ್ರೈವರ್, ನಮ್ಮ ಭಾಷೆಯಲ್ಲೇ. "ನನ್ನ ಹೆಂಡ್ತಿ ಈ ಕಡೆಯವಳು. ಮದುವೆ ಆದಾಗಿಂದ ನನ್ನ ಹೆಸರು 'ರೀ'."

ನಾನು ಪೆಟ್ಟಿಗೆಗಳ ಹಿಂದೆ ಹೋಗಿ ನಕ್ಕು ಬಂದೆ. ಆದರೆ ಅಪ್ಪ ನಗಲಿಲ್ಲ. ಅವರ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಮನೆಗೆ ಬಂದು ಅತ್ತಿಗೆಯ ಮುಂದೆ, "ಅದನ್ನೂ ಕತ್ತರಿಸ್ತಾರಮ್ಮ" ಎನ್ನುತ್ತಿದ್ದರು. ಕತ್ತರಿಯಿಂದ ತಪ್ಪಿಸಿಕೊಂಡ ಒಂದೇ ಒಂದು ಹೆಸರು ಇಡೀ ನಿಲ್ದಾಣದಲ್ಲಿ ಸಿಗಲಿಲ್ಲ. ಅತ್ತಿಗೆ ಮಗುವಿನ ಬೆನ್ನು ತಟ್ಟುತ್ತಿದ್ದರು. ಸೋಮವಾರ ಹತ್ತಿರವಾಗುತ್ತಿತ್ತು.

ಶುಕ್ರವಾರ ಅಪ್ಪ ಬೀಗಿತ್ತಿ ಸೂಚಿಸಿದ ಹೆಸರೊಂದನ್ನು ಕರೆದರು. ಅದು ಆಚೆಯವರ ಹಳೆಯ ಕಾಲದ ಹೆಸರು, ಸಾಕಷ್ಟು ಉದ್ದ. ಅಪ್ಪ ಅದನ್ನು ಬೆಳಗಿನಿಂದ ಅಭ್ಯಾಸ ಮಾಡಿದ್ದರು, ಹಾಗಾಗಿ ಚೆನ್ನಾಗಿ, ಸರಿಯಾಗಿ, ಒಂದಕ್ಷರ ಬಿಡದೆ ಕರೆದರು. ಮೂರನೆಯ ಭಾಷೆಗೆ ಬರುವಷ್ಟರಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಜನರನ್ನು ಸೀಳಿಕೊಂಡು ಓಡಿಬಂದಳು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಮುಖದಲ್ಲಿ ರಕ್ತದ ಸುಳಿವಿರಲಿಲ್ಲ. ಕೌಂಟರಿನ ಕಟ್ಟೆ ಹಿಡಿದುಕೊಂಡು, "ನಮ್ಮಪ್ಪನಿಗೆ ಏನಾಯ್ತು? ಹೇಳಿ, ಏನಾಯ್ತು?" ಎಂದು ಅಳತೊಡಗಿದಳು.

ಏನೂ ಆಗಿಲ್ಲ ಎಂದು ನಂಬಿಸಲು ನನಗೂ ಅಪ್ಪನಿಗೂ ಸಾಕುಸಾಕಾಯಿತು. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಒಂದಿಷ್ಟು ಸುಧಾರಿಸಿಕೊಂಡ ಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಅಪ್ಪನಿಗೆ ಹಿತವಾಗಿರುತ್ತಿತ್ತು.

"ನಾನು ಈ ಕಡೆ ಬಂದು ಎಷ್ಟೋ ವರ್ಷ ಆಯ್ತು ಸಾರ್. ಇಲ್ಲಿ ಒಬ್ಬೊಬ್ರು ಒಂದೊಂದು ಥರ ಕರೀತಾರೆ. ನನ್ನ ಹೆಸರನ್ನ ಹೀಗೆ ಪೂರ್ತಿಯಾಗಿ, ಸರಿಯಾಗಿ ಕರೆಯೋರು ನಮ್ಮಪ್ಪ ಒಬ್ರೇ. ಅದಕ್ಕೇ ಅವರ ಕಡೆಯಿಂದ ಯಾರೋ ಕೆಟ್ಟ ಸುದ್ದಿ ತಂದಿದಾರೆ ಅಂದ್ಕೊಂಡೆ."

ಅವಳ ಬಸ್ಸು ಹೊರಟುಹೋಗಿತ್ತು. ಅಪ್ಪ ತಾವೇ ಚಪ್ಪಲಿ ಹುಡುಕಿ ತಂದುಕೊಟ್ಟು, ಮುಂದಿನ ಬಸ್ಸಿಗೆ ಕೂರಿಸಿ, ಅದು ತಿರುವು ದಾಟುವವರೆಗೂ ನಿಂತಿದ್ದರು. ಅಷ್ಟರಲ್ಲಿ ನಿಲ್ದಾಣದ ಮುಖ್ಯಸ್ಥರಿಗೆ ಸುದ್ದಿ ಮುಟ್ಟಿತ್ತು. ಅವರು ಎಲ್ಲರೆದುರೇ ಅಪ್ಪನಿಗೆ ಮಂಗಳಾರತಿ ಮಾಡಿದರು. "ಮೈಕು ನಿಮ್ಮ ಮನೇದಲ್ಲ ಸ್ವಾಮಿ! ಇನ್ಮೇಲೆ ನಿಜವಾದ ಪ್ರಯಾಣಿಕರನ್ನ ಮಾತ್ರ ಕರೀಬೇಕು. ಟಿಕೆಟ್ ಇದ್ದವರನ್ನ ಮಾತ್ರ!"

ಇಡೀ ನಿಲ್ದಾಣಕ್ಕೆ ಕೇಳುವ ಗಂಟಲು ಆವತ್ತು ನನಗೂ ಕೇಳಲಿಲ್ಲ.

ಮನೆಯಲ್ಲಿ ನಾನೇ ಎಲ್ಲವನ್ನೂ ಹೇಳಿದೆ. ಅಮ್ಮ ಕೆನ್ನೆಗೆ ಕೈ ಕೊಟ್ಟುಕೊಂಡು, "ಅಯ್ಯೋ ಪಾಪ" ಎಂದಳು. ಅಪ್ಪ ನೆಲ ನೋಡುತ್ತ, "ಕತ್ತರಿಸದ ಹೆಸರೇ ಇಲ್ಲಮ್ಮ. ನಾನು ಸೋತೆ" ಎಂದರು. ಮತ್ತೆ ಅತ್ತಿಗೆಯ ತುಂಡು ಹೆಸರು, ಮತ್ತೆ ಅದೇ ಎರಡಕ್ಷರ.

ಅತ್ತಿಗೆ ಮಗುವನ್ನು ನನ್ನ ಮಡಿಲಿಗೆ ಕೊಟ್ಟರು.

"ಮಾವ, ಕತ್ತರಿಸೋದು ಹೆಸರಿನ ತಪ್ಪಲ್ಲ. ಎಲ್ಲಿ, ನನ್ನ ಹೆಸರು ಹೇಳಿ ನೋಡೋಣ."

ಅಪ್ಪ ತಲೆ ಎತ್ತಿದರು. ಬಾಯಿ ತೆರೆದರು. ಮೊದಲೆರಡು ಅಕ್ಷರ ಬಂತು, ಆಮೇಲೆ ಗಾಳಿ ಬಂತು. ಎಷ್ಟೋ ಊರುಗಳ, ಎಷ್ಟೋ ಜನರ ಹೆಸರನ್ನು ತಡವರಿಸದೆ ಹೇಳಿದ ಮನುಷ್ಯ, ತಮ್ಮ ಸೊಸೆಯ ಹೆಸರಿನ ಮುಂದೆ ಚೀಟಿ ಕಳೆದುಕೊಂಡವರ ಹಾಗೆ ನಿಂತರು. ಅಮ್ಮ ಎದ್ದು ಒಲೆಯ ಕಡೆ ಹೋದಳು, ಅಲ್ಲಿ ಏನೂ ಕುದಿಯುತ್ತಿರಲಿಲ್ಲ. ಅಣ್ಣ ಮಾತ್ರ ಮೆಲ್ಲಗೆ ಪೂರ್ತಿ ಹೆಸರು ಹೇಳಿದ, ಬ್ರೇಕ್ ಎಂದು ಕೂಗದೆ. ಅತ್ತಿಗೆ ಅವನ ಕಡೆ ನೋಡಿ, "ನಿಮಗೆ ಬರುತ್ತೆ ಅಂತ ನಂಗೊತ್ತು. ಬಂದೂ ಕರೀಲಿಲ್ಲವಲ್ಲ, ಅದೇ ಬೇಜಾರು" ಎಂದರು. ಅಣ್ಣನಿಗೆ ನ್ಯೂಟ್ರಲ್‌ನಲ್ಲಿ ಇರಲು ಆವತ್ತು ಜಾಗವಿರಲಿಲ್ಲ.

"ನಂಗೆ ಬೇಜಾರಾಗಲ್ಲ ಅಂತ ನೀವೆಲ್ಲ ಅಂದ್ಕೊಂಡಿದೀರಿ" ಎಂದರು ಅತ್ತಿಗೆ. ದನಿ ಏರಲಿಲ್ಲ. "ಬೇಜಾರಾಗುತ್ತೆ. ಅಮ್ಮ ಊರಿಗೆ ಹೋದ್ಮೇಲೆ ಈ ಮನೇಲಿ ನನ್ನ ಹೆಸರು ಕೇಳೋದೇ ಇಲ್ಲ. ನನ್ನ ಮಗಳಿಗೆ ಹಾಗಾಗಬಾರದು."

ಬೀಗಿತ್ತಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ಎದ್ದು ಬಂದು ಮಗಳ ತಲೆ ನೇವರಿಸಿ, ಅವಳ ಹೆಸರನ್ನು ಒಮ್ಮೆ ಹೇಳಿದರು. ದಿನಕ್ಕೆ ಹತ್ತು ಬಾರಿ ಅವರು ಹೇಳುತ್ತಲೇ ಇದ್ದದ್ದು. ಆವತ್ತು ಮೊದಲ ಬಾರಿಗೆ ಅಪ್ಪ ಕಿವಿಗೊಟ್ಟು ಕೇಳಿದರು.

ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿನ ಕುರ್ಚಿಯಲ್ಲಿ ಬೀಗಿತ್ತಿ. ಅಪ್ಪ ಅವರ ಭಾಷೆಯಲ್ಲಿ, "ಪ್ರಯಾಣಿಕರಿಗೆ ಆದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದು ಶುರುಮಾಡಿದರಂತೆ. ಬೀಗಿತ್ತಿ ಮೊದಲ ಸಲ ನಮ್ಮ ಮನೆಯಲ್ಲಿ ಜೋರಾಗಿ ನಕ್ಕರಂತೆ. ನಗು ಅಷ್ಟೇ. ಆಮೇಲೆ ಪಾಠ. ಅಯ್ಯಪ್ಪಾ, ಅಂಥ ಕಟ್ಟುನಿಟ್ಟಿನ ಮೇಷ್ಟ್ರನ್ನು ನಾನು ಕಂಡಿಲ್ಲ! ಅಪ್ಪ ಹೇಳುವುದು, ಅವರು ತಲೆ ಅಲ್ಲಾಡಿಸುವುದು. ಅಪ್ಪ ಮತ್ತೆ ಹೇಳುವುದು, ಅವರು ತಮ್ಮ ದವಡೆ ಮುಟ್ಟಿ ತೋರಿಸುವುದು. ಒಮ್ಮೆ ಅಪ್ಪನ ಗಲ್ಲವನ್ನೇ ಹಿಡಿದು ಎತ್ತಿದರು. ಬೀಗರ ಗಲ್ಲ ಹಿಡಿದ ಬೀಗಿತ್ತಿ ಬೇರೆಲ್ಲಾದರೂ ಇದ್ದಾರೋ ಇಲ್ಲವೋ. ಅಮ್ಮ ಅಡುಗೆಮನೆಯಿಂದ ಇಣುಕಿ, "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎಂದು ಗೊಣಗಿದಳು. ಆದರೆ ಆ ಎರಡು ದಿನ ಅವಳು ಅಡುಗೆಮನೆಯ ಬಾಗಿಲನ್ನು ಮುಚ್ಚಲೇ ಇಲ್ಲ. ಒಗ್ಗರಣೆ ಸಿಡಿಯುವಾಗೆಲ್ಲ ಅದರ ಮರೆಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು.

ಸೋಮವಾರ ಬಂತು. ಹೆಸರು ಮಾತ್ರ ಬರಲಿಲ್ಲ. ಅತ್ತಿಗೆ, ಅಮ್ಮ, ಬೀಗಿತ್ತಿ ಮಗುವನ್ನು ಎತ್ತಿಕೊಂಡು ನಿಲ್ದಾಣದೊಳಗಿಂದ ಶಿಶುವಿಹಾರಕ್ಕೆ ಹೊರಟಿದ್ದರು. ಮಗುವನ್ನು ಅಲ್ಲಿ ಬಿಟ್ಟು ಅತ್ತಿಗೆ ಕೆಲಸದ ಬಸ್ಸು ಹತ್ತುವವರು. ಅಪ್ಪ ಬೆಳಿಗ್ಗೆಯೇ ಅವರ ಕೈಗೆ ಟಿಕೆಟ್ ತುರುಕಿದ್ದರು. ಸೊಸೆಯ ಮೇಲೆ ಇದ್ದಕ್ಕಿದ್ದಂತೆ ಇಷ್ಟೊಂದು ಕಾಳಜಿ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ. ನಾನು ಕೌಂಟರಿನಲ್ಲಿ ಯಾರದೋ ಟ್ರಂಕು ಎಳೆಯುತ್ತಿದ್ದೆ. ಮೇಲೆ ಮೈಕು ಕರಕರ ಎಂದಿತು. ಅಪ್ಪ ಗಂಟಲು ಸರಿಮಾಡಿಕೊಂಡರು.

ಆಮೇಲೆ ಅತ್ತಿಗೆಯ ಹೆಸರು ಬಂತು.

ಪೂರ್ತಿ ಬಂತು. ಎಲ್ಲೂ ಅವಸರವಿಲ್ಲದೆ, ಕೊನೆಯಲ್ಲಿ ನಾಲಗೆ ಅಂಗುಳಿನಲ್ಲಿ ತಂಗಬೇಕಾದ ಕಡೆ ತಂಗಿ, ಇಳಿಯಬೇಕಾದ ಕಡೆ ಇಳಿದು ಬಂತು. "ಅವರು ಎಲ್ಲಿದ್ದರೂ ಸಾಮಾನು ಕೊಠಡಿಯ ಬಳಿ ಬರಬೇಕು." ಅತ್ತಿಗೆ ಜನರ ನಡುವೆ ಗಕ್ಕನೆ ನಿಂತುಬಿಟ್ಟರು. ಬೀಗಿತ್ತಿ ಕಣ್ಣು ಮುಚ್ಚಿ ಕಿವಿ ನಿಮಿರಿಸಿದರು. ಅಪ್ಪ ಆಚೆಯ ಭಾಷೆಯಲ್ಲಿ ಹೇಳಿದರು, ಮೂರನೆಯದರಲ್ಲೂ ಹೇಳಿದರು. ಹೆಸರು ಮೂರು ಬಾರಿಯೂ ಒಂದೇ ಥರ, ಇಡಿಯಾಗಿ. ಬೀಗಿತ್ತಿ ಕಣ್ಣು ತೆರೆದು ಗಾಜಿನ ಗೂಡಿನ ಕಡೆಗೆ ಕೈ ಎತ್ತಿದರು, ಪಾಸು ಎಂದು. ಗಾಜಿನ ಹಿಂದೆ ಅಪ್ಪ ಎದ್ದು ನಿಂತಿದ್ದರು. ಮುಖ್ಯಸ್ಥರು ತಮ್ಮ ಕೋಣೆಯಿಂದ ಹೊರಗೆ ಬಂದು ಹುಬ್ಬು ಗಂಟಿಕ್ಕಿದರು. ನಾನು ಓಡಿಹೋಗಿ ಅತ್ತಿಗೆಯ ಕೈಲಿದ್ದ ಟಿಕೆಟ್ ಹಿಡಿದೆತ್ತಿ ತೋರಿಸಿದೆ. ಅವರು ಮತ್ತೆ ಕೋಣೆಯೊಳಗೆ ಹೋದರು.

ಅತ್ತಿಗೆ ಕೌಂಟರಿನ ಬಳಿ ಬಂದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಳುವುದು ನನ್ನ ಸ್ವಭಾವವಲ್ಲ, ಆದರೆ ಆವತ್ತು ಅತ್ತೆ.

"ಇವಳಿಗೆ ಒಂದು ಹೆಸರು ಹುಟ್ಟಿದ ದಿನದಿಂದ ನನ್ನ ಮನಸ್ಸಲ್ಲಿದೆ" ಎಂದರು ಅತ್ತಿಗೆ. "ನನ್ನ ಅಜ್ಜಿ ಹೆಸರು. ಹೇಳಿದ್ರೆ ಮಧ್ಯಾಹ್ನದೊಳಗೆ ಅರ್ಧ ಮಾಡ್ತೀರಿ ಅಂತ ಹೇಳಿರಲಿಲ್ಲ."

ಹೇಳಿದರು. ಅತ್ತಿಗೆಯ ಹೆಸರೇ ಉದ್ದ ಎಂದುಕೊಂಡಿದ್ದೆವು. ಇದರ ಮುಂದೆ ಅದು ಗಿಡ್ಡ. ಬೀಗಿತ್ತಿ ತಮ್ಮ ತಾಯಿಯ ಹೆಸರು ಕೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅಮ್ಮ ಉಗುಳು ನುಂಗಿದಳು. ನಮ್ಮಮ್ಮ ಈಗ ಏನಾದರೂ ಅಂದರೆ ಅವಳನ್ನು ಟ್ರಂಕಿನ ಜೊತೆ ಒಳಗೆ ಹಾಕಿ ಬೀಗ ಜಡಿಯುವುದೇ ಎಂದು ನಾನು ತೀರ್ಮಾನಿಸಿದ್ದೆ.

ಅಮ್ಮ ಅತ್ತಿಗೆಯ ಭುಜ ಮುಟ್ಟಿದಳು. ಮೊದಲು ಅತ್ತಿಗೆಯ ಹೆಸರು ಹೇಳಿದಳು, ಒಗ್ಗರಣೆಯ ಮರೆಯಲ್ಲಿ ಕದ್ದು ಕಲಿತ ಪೂರ್ತಿ ಹೆಸರು. ಕೊನೆಯಲ್ಲಿ ಸ್ವಲ್ಪ ಜಾರಿತು, ತಡೆದು ಸರಿಮಾಡಿಕೊಂಡಳು. ಆಮೇಲೆ, "ಇನ್ನೊಂದ್ಸಲ ನಿಧಾನವಾಗಿ ಹೇಳಮ್ಮ. ಕಲೀತೀನಿ" ಎಂದಳು.

ನಾನು "ಈಗ ಬರುತ್ತೇನೆ" ಎಂಬ ಫಲಕ ನೇತುಹಾಕಿ ಅವರ ಜೊತೆ ಹೊರಟೆ. ದಾರಿಯುದ್ದಕ್ಕೂ ಅಮ್ಮ ಬಾಯಿಪಾಠ ಮಾಡುತ್ತಲೇ ನಡೆದಳು. ಶಿಶುವಿಹಾರದ ಮೇಲ್ವಿಚಾರಕಿ ಬಣ್ಣದ ಪೆನ್ನು ಹಿಡಿದು ಖಾಲಿ ಕೊಕ್ಕೆಯ ಮುಂದೆ ನಿಂತಿದ್ದರು. ಅತ್ತಿಗೆ ಹೆಸರು ಹೇಳಿದರು. ಮೇಲ್ವಿಚಾರಕಿ ಕೊಕ್ಕೆಯ ಮೇಲಿನ ಅಂಗೈಯಗಲದ ಜಾಗ ನೋಡಿದರು, ನಮ್ಮನ್ನು ನೋಡಿದರು.

"ಉದ್ದ ಆಯ್ತಲ್ಲಮ್ಮ. ಮೊದಲೆರಡು ಅಕ್ಷರ ಮಾತ್ರ ಬರ್ಕೊಳ್ಲಾ?"

ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ನುಗ್ಗಿದಳು. ಮಂಡಿ ನೋವು ಎಲ್ಲಿ ಹೋಯಿತೋ.

"ಕತ್ತರಿಸೋಕೆ ಅದೇನು ಹುರುಳಿಕಾಯೇನ್ರೀ? ಪೂರ್ತಿ ಬರೀರಿ! ಜಾಗ ಸಾಲದಿದ್ರೆ ಪಕ್ಕದ ಕೊಕ್ಕೆ ಮೇಲೂ ಬರೀರಿ!"

ಒಳಗೆ ಮಲಗಿದ್ದ ಮಕ್ಕಳೆಲ್ಲ ಎದ್ದು ಅತ್ತವು. ಮೇಲ್ವಿಚಾರಕಿ ಪೂರ್ತಿ ಬರೆದರು. ಅತ್ತಿಗೆ ಅಮ್ಮನ ಕೈ ಹಿಡಿದುಕೊಂಡವರು ಬರೆದು ಮುಗಿಯುವವರೆಗೂ ಬಿಡಲಿಲ್ಲ.

ಈಗ ನಮ್ಮ ಲಗೇಜಿಗೆ ಆ ಗೋಡೆಯ ಮೇಲೆ ಎರಡು ಕೊಕ್ಕೆ. ಒಂದಕ್ಕೆ ಚೀಲ, ಇನ್ನೊಂದಕ್ಕೆ ಟೋಪಿ. ಹೆಸರು ತಿಳಿದುಕೊಳ್ಳಲೇಬೇಕು ಎಂದಿದ್ದರೆ ಅಲ್ಲಿಗೆ ಹೋಗಿ ಓದಿಕೊಳ್ಳಿ, ಆದರೆ ಎರಡೂ ಕೊಕ್ಕೆ ಓದಬೇಕು.